ಸೀಸದ ಸಿಹಿ

ಹೇಸಿಗೆಯನ್ನೂ ದೇವರೇ ಹುಟ್ಟಿಸಿದ್ದಾನೆ, ಅದಕ್ಕೂ ಅವನು ಒಂದು ಕೆಲಸ ಒಪ್ಪಿಸಿದ್ದಾನೆ ಎನ್ನುತ್ತಾರೆ. ಅಕ್ಕನ ಪಾಲಿಗೆ ಬಂದ ಹೇಸಿಗೆ ಸೀಸದ್ದು. ಬಂದೂಕಿನ ನಳಿಗೆ ತೊಳೆಯುವುದೇ ಮನೆತನದ ಕಸುಬು. ಅನ್ನ ಕೊಡುವ ಆ ಸೀಸದ ಮೇಲಿದ್ದಷ್ಟು ಅಸಹ್ಯ ಅವಳಿಗೆ ಸತ್ತ ಇಲಿಯ ಮೇಲೂ ಇರಲಿಲ್ಲ.

ಮನೆ ಹಿಂದಿನ ಶೆಡ್ಡಿನಲ್ಲಿ ಅವಳೂ ತಮ್ಮನೂ ಶೂಟಿಂಗ್ ಕ್ಲಬ್ಬಿನ ಬಂದೂಕುಗಳನ್ನು ಸರಿಮಾಡುತ್ತಿದ್ದರು. ಗುಂಡು ಹಾರಿ ಹಾರಿ ನಳಿಗೆಯ ಒಳಮೈಗೆ ಸೀಸ ಮೆತ್ತಿಕೊಳ್ಳುತ್ತದೆ. ಒಳಗಿನ ಸುರುಳಿ ಗೀರುಗಳು ಮುಚ್ಚಿದರೆ ಗುಂಡು ಗುರಿ ಬಿಟ್ಟು ಎತ್ತಲೋ ಹೋಗುತ್ತದೆ. ಅಪ್ಪ ಕಲಿಸಿದ್ದು ಒಂದೇ ದಾರಿ: ಸವೆದ ಬ್ರಷ್ಷಿಗೆ ತಾಮ್ರದ ಎಳೆ ಸುತ್ತಿ, ಸರಳಿನ ತುದಿಗೆ ಸಿಕ್ಕಿಸಿ, ತೋಳು ಬಿದ್ದುಹೋಗುವಂತೆ ತಳ್ಳುವುದು, ಎಳೆಯುವುದು. ಆಗ ನಳಿಗೆಯ ಬಾಯಿಂದ ಬೂದು ಹಕ್ಕಳೆ ಉದುರುತ್ತದೆ, ಕೀವು ಒಣಗಿದ ಹುಣ್ಣಿನಿಂದ ಉದುರಿದ ಹಾಗೆ. ಅಕ್ಕ ಅದನ್ನು ಒದ್ದೆ ಬಟ್ಟೆಯಲ್ಲಿ ಬಳಿದು ಡಬ್ಬಿಗೆ ತುಂಬಿ, ಮೊಣಕೈವರೆಗೆ ಸೋಪು ತಿಕ್ಕಿಕೊಂಡೇ ಅಡುಗೆಮನೆಯ ಹೊಸಿಲು ದಾಟುತ್ತಿದ್ದಳು.

ಅಪ್ಪ ಹಾಗೆ ತೊಳೆದವನಲ್ಲ. ಕೊನೆಗಾಲಕ್ಕೆ ಅವನ ಒಸಡಿನ ಅಂಚಿಗೆ ನೀಲಿ ಗೆರೆ ಮೂಡಿತ್ತು. ತುತ್ತು ಬಾಯಿಗೆ ಮುಟ್ಟುವ ಮೊದಲೇ ಕೈ ನಡುಗಿ ಎದೆಯ ಮೇಲೆ ಚೆಲ್ಲುತ್ತಿತ್ತು. "ಸೀಸ ಹುಳಿಗೆ ಬಿದ್ರೆ ಸಿಹಿಯಾಗತ್ತೆ ಮಗಳೇ, ಆ ಸಿಹಿ ನಂಬಬೇಡ" ಎನ್ನುತ್ತಿದ್ದ.

ತಮ್ಮನನ್ನು ಬೀದಿಯವರು 'ಜಾಣ' ಎಂದು ಕರೆಯುತ್ತಿದ್ದುದು ಹೊಗಳಿಕೆಗಲ್ಲ. ಮೈ ಬಗ್ಗಿಸದೆ ಕೆಲಸ ಮುಗಿಸುವ ಉಪಾಯ ಅವನ ತಲೆಯಲ್ಲಿ ದಿನಕ್ಕೊಂದು ಹುಟ್ಟುತ್ತಿತ್ತು. ಆ ಬೆಳಿಗ್ಗೆ ಅಕ್ಕ ಶೆಡ್ಡಿಗೆ ಬಂದಾಗ ಅವನು ಕಾಲಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದ.

"ದೊಡ್ಡ ನಳಿಗೆ ಮುಗೀತಕ್ಕ."

"ಸರಳು ಮೊಳೆ ಮೇಲೇ ಇದೆ. ಏನು, ಮಂತ್ರ ಹಾಕಿದ್ಯಾ?"

"ತಳಕ್ಕೆ ಬಿರಡೆ ಬಡಿದು ನಿನ್ನೆ ವಿನೆಗರ್ ತುಂಬಿಟ್ಟೆ. ಸೀಸ ತಾನಾಗೇ ಬಿಟ್ಕೊಂಡು ಬಂತು. ಎತ್ತಿನ ಹಾಗೆ ದುಡಿಯೋದು ನಿನ್ನ ಹಣೆಬರಹ, ನಂದಲ್ಲ."

ಮೇಜಿನ ಮೇಲೆ ಅಡುಗೆಮನೆಯ ಎಣ್ಣೆ ಆಲಿಕೆ ಬಿದ್ದಿತ್ತು. ಅದರ ಕೊರಳಲ್ಲಿ ಬೂದು ಲೋಳೆ, ನೆಗಡಿಯವನ ಮೂಗಿನಂತೆ. ಅಕ್ಕ ಅದನ್ನು ಕಡ್ಡಿಯಿಂದ ಆಚೆ ತಳ್ಳಿದಳು.

"ಥೂ, ಕರ್ಮ! ಆ ವಿನೆಗರ್ ಎಲ್ಲಿ ಚೆಲ್ಲಿದೆ?"

"ಚೆಲ್ಲೋದ್ಯಾಕೆ? ಬಟ್ಟೇಲಿ ಸೋಸಿ ಬಾಟ್ಲಿಗೇ ಹಾಕಿದೆ. ಇನ್ನೂ ನಾಲ್ಕು ನಳಿಗೆಗೆ ಬರತ್ತೆ."

"ಯಾವ ಬಾಟ್ಲಿ? ಎಲ್ಲಿದೆ?"

ಬಾಯಿಗೆ ಹೊರಟ ಲೋಟ ನಡುದಾರಿಯಲ್ಲೇ ನಿಂತಿತು. "ಅಡುಗೆಮನೆ ಕಟ್ಟೆ ಮೇಲೆ... ಅಲ್ಲಿಂದಲೇ ತಂದಿದ್ದೆ..."

ಅವನ ಹೆಂಡತಿ ಐದು ತಿಂಗಳ ಬಸುರಿ. ಹುಳಿಯ ಬಯಕೆ, ಸೌತೆಕಾಯಿಗೆ ವಿನೆಗರ್ ಸುರಿದುಕೊಂಡು ಹೊತ್ತುಗೊತ್ತಿಲ್ಲದೆ ತಿನ್ನುತ್ತಿದ್ದಳು.

ಇಬ್ಬರೂ ಬಿದ್ದೆನೋ ಕೆಟ್ಟೆನೋ ಎಂದು ಓಡಿದರು. ಅವಳು ಸಿಂಕಿಗೆ ಒರಗಿ ಬಾಯಿ ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸೌತೆಹೋಳಿನ ತಟ್ಟೆ, ಅದರ ಪಕ್ಕ ಬಾಟಲಿ.

"ಅತ್ತಿಗೆ, ಈ ವಿನೆಗರ್ ಕೆಟ್ಟಿದೆ. ಥೂ! ಸಿಹಿ ಸಿಹಿ, ಯಾರೋ ಜೊಲ್ಲು ಸುರಿಸಿದ ಹಾಗೆ."

"ನುಂಗಿದ್ಯೇನೇ?"

"ನುಂಗೋದೆಲ್ಲಿ ಬಂತು! ನಾಲಿಗೆಗೆ ತಗಲ್ತಿದ್ದ ಹಾಗೇ ಅಸಹ್ಯ ಆಗಿ ಉಗಿದ್ಬಿಟ್ಟೆ. ಬೆಳಿಗ್ಗೆ ತಿಂದಿದ್ದೂ ಬಂತು."

ಪರರ ಎಂಜಲು ಕಂಡರೆ ಮುಖ ತಿರುಗಿಸುತ್ತಿದ್ದ ಅಕ್ಕ ಸಿಂಕಿನೊಳಗೆ ಬಾಗಿದಳು. ಅರೆದ ಸೌತೆಕಾಯಿ, ಎಳೆ ಎಳೆಯಾದ ಜೊಲ್ಲು, ಹಳದಿ ಪಿತ್ತ. ಬೆರಳಿನಿಂದ ಕೆದಕಿ ತುಣುಕು ತುಣುಕನ್ನೂ ಕೂಡಿಸಿ ನೋಡಿದಳು. ತಟ್ಟೆಯಲ್ಲಿ ಕಡಿಮೆಯಾದ ಹೋಳು ಅಲ್ಲಿತ್ತು. ದೇವರೇ, ಎಲ್ಲಾ ಅಲ್ಲೇ ಇತ್ತು.

ತಮ್ಮ ಬಾಟಲಿ ಎತ್ತಿಕೊಂಡ. "ನೀರಿನ ಹಾಗಿದೆಯಲ್ಲಕ್ಕ, ಚೆನ್ನಾಗಿ ಸೋಸಿದ್ದೆ. ಬೇಕಾದ್ರೆ ನಾನೇ ಒಂದು ಗುಟುಕು..."

ಅಕ್ಕ ಅವನ ಕೈಗೆ ಬಾರಿಸಿದಳು. ಬಾಟಲಿ ಕಲ್ಲಿಗೆ ಬಿದ್ದು ಒಡೆಯಿತು.

"ಅಪ್ಪನ ಒಸಡು ಮರೆತ್ಯೇನೋ?"

ಹುಳಿ ವಾಸನೆ ಮೂಗಿಗೆ ಅಡರಿತು. ಆ ನೀಲಿ ಗೆರೆ ನೆನಪಾಗಿರಬೇಕು, ಜಾಣ ಗಾಜಿನ ಚೂರುಗಳ ನಡುವೆ ಕುಕ್ಕರಿಸಿ ಓಕರಿಸತೊಡಗಿದ.

ಆಗಲೇ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆಗೆ ಕೊಟ್ಟು ಬಂದರು. ಫಲಿತಾಂಶ ಬರುವವರೆಗೆ ಆ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. "ಒಳಗೇನೂ ಹೋಗಿಲ್ಲ, ಕೂಸು ಚೆನ್ನಾಗಿದೆ" ಎಂದು ಡಾಕ್ಟರಮ್ಮ ಹೇಳಿದಾಗ ಅಕ್ಕ ಕಣ್ಣುಮುಚ್ಚಿ ಕೈಮುಗಿದಳು. ಮುಗಿದದ್ದು ದೇವರಿಗೋ ಆ ವಾಂತಿಗೋ ಅವಳಿಗೇ ತಿಳಿಯಲಿಲ್ಲ.

ಈಗ ತಮ್ಮ ಸರಳು ಹಿಡಿದು ಬೆವರು ಸುರಿಸುತ್ತಾನೆ, ಉದುರಿದ ಹಕ್ಕಳೆಯನ್ನು ಡಬ್ಬಿಗೆ ತುಂಬುತ್ತಾನೆ. ಸಂಜೆ ಮನೆಯೊಳಗೆ ಬಂದು ಕೂಸು ಒದೆಯುವುದನ್ನು ಮುಟ್ಟಿ ನೋಡಲು ಆಸೆಯಿಂದ ಕೈ ಚಾಚಿದರೆ ಹೆಂಡತಿ ತಡೆಯುತ್ತಾಳೆ.

"ಮೊದ್ಲು ಕೈ ತೋರ್ಸಿ."

ಅವನು ಎರಡೂ ಅಂಗೈ ಮುಂದಿಡುತ್ತಾನೆ. ಅವಳು ಉಗುರುಸಂದಿಗಳನ್ನೆಲ್ಲ ನೋಡಿ, ಮೂಸಿ, ಮುಖ ಸಿಂಡರಿಸುತ್ತಾಳೆ.

"ಥೂ. ಇನ್ನೊಂದ್ಸಲ."

ಜಾಣ ಮತ್ತೆ ನಲ್ಲಿಯ ಕಡೆ ನಡೆಯುತ್ತಾನೆ.