ಎಡಗಡೆ ಸೀಟಿನ ಕಣ್ಣು

ಮುಂದೆ ಕಲ್ಲಿದ್ದಲಿನ ಲಾರಿ, ಬೆನ್ನಿಗೆ ಹಬ್ಬದ ಅವಸರ. ಬಿಳಿ ತಿಂಗಳ ಹಬ್ಬದ, ಅಂದರೆ ನಮ್ಮ ಹೊಸ ವರ್ಷದ, ಹಿಂದಿನ ದಿನ ನಮ್ಮ ಮಂಗೋಲಿಯದ ರಸ್ತೆಗಳಲ್ಲಿ ಎಲ್ಲರ ಪಾಡೂ ಇದೇ. ಕತ್ತಲಾಗುವುದರೊಳಗೆ ಅಣ್ಣನ ಮನೆ ಸೇರಬೇಕೆಂದು ಪುರೆವ್ ಕಾರು ಓಡಿಸುತ್ತಿದ್ದ. ಹೆಂಡತಿ ಉಂದರ್ಮಾ ಹಿಂದಿನ ಸೀಟಿನಲ್ಲಿದ್ದಳು. ಪಕ್ಕದಲ್ಲಿ ಬೆಲ್ಟು ಬಿಗಿದುಕೊಂಡು ನಿದ್ದೆಹೋದ ಮಗಳು. ಮುಂದಿನ ಸೀಟು ಪುರೆವ್‌ನ ತಾಯಿ ದುಲ್ಮಾ ಅವರದು. ಎರಡು ಕಣ್ಣಿಗೂ ಪೊರೆ ಬಂದಿದೆ, ಆದರೂ ಹಿರಿಯರನ್ನು ಹಿಂದೆ ಕೂರಿಸುವುದುಂಟೆ?

ಕಾರು ಜಪಾನಿನಿಂದ ಬಂದದ್ದು, ಸ್ಟೀರಿಂಗ್ ಬಲಗಡೆ. ನಾವು ವಾಹನ ಓಡಿಸುವುದೂ ರಸ್ತೆಯ ಬಲಗಡೆಯೇ. ಹಾಗಾಗಿ ಓಡಿಸುವವನು ರಸ್ತೆಯ ಅಂಚಿಗೆ ಕೂತಿರುತ್ತಾನೆ. ಲಾರಿಯ ಹಿಂದೆ ಸಿಕ್ಕಿಕೊಂಡರೆ ಅವನಿಗೆ ಕಾಣುವುದು ಲಾರಿಯ ಬೆನ್ನೊಂದೇ. ಎದುರಿನಿಂದ ಬರುವುದು ಕಾಣಬೇಕಾದರೆ ಎಡಗಡೆ ಸೀಟಿನವರ ಕಣ್ಣೇ ಬೇಕು.

ಪುರೆವ್ ಲಾರಿಗೆ ಅಂಟಿಕೊಂಡೇ ಬಂದು ಕೇಳಿದ, "ಅಮ್ಮಾ, ಖಾಲಿ ಇದ್ಯಾ?"

"ಹೋಗಪ್ಪಾ, ಹೋಗು," ಎಂದರು ಅಮ್ಮ.

ಅವನು ಎಡಕ್ಕೆ ನುಗ್ಗಿಸಿದ. ಎದುರಿಗೆ ಬಸ್ಸು. ಬ್ರೇಕು ಒತ್ತಿ ಮತ್ತೆ ಲಾರಿಯ ಹಿಂದಕ್ಕೆ ನುಸುಳುವಷ್ಟರಲ್ಲಿ ಬಸ್ಸು ಕಾರಿನ ಎಡಗನ್ನಡಿಯನ್ನು ಕಿತ್ತುಕೊಂಡು ಹೋಯಿತು. ಕಾರು ಹಿಮದಲ್ಲಿ ಜಾರಿ ಅಂಚಿಗೆ ನಿಂತಿತು. ಮಗಳು ಎದ್ದು ಅಳತೊಡಗಿದಳು.

ಪುರೆವ್ ಮೊದಲು ಲಾರಿಯವನನ್ನು ಬೈದ, ಆಮೇಲೆ ಬಸ್ಸಿನವನನ್ನು. ಉಂದರ್ಮಾ ಮಗಳನ್ನು ಸಮಾಧಾನ ಮಾಡುತ್ತಲೇ ಹೇಳಿದಳು:

"ಅಮ್ಮ ರಸ್ತೆ ನೋಡಿ ಹೇಳಿದ್ದಲ್ಲ ರೀ. ನಿಮ್ಮನ್ನ ಹರಸಿದ್ದು. ಯಾರು ಹೊರಟ್ರೂ ಅವರು ಹಾಗೇ ಅಲ್ವಾ ಅನ್ನೋದು?"

ತಾನು ಮುಂದೆ ಬರುತ್ತೇನೆ ಎಂದಳು. ಪುರೆವ್ ಒಪ್ಪಲಿಲ್ಲ. ಹಬ್ಬದ ಹೊತ್ತಿನಲ್ಲಿ ಅಮ್ಮನನ್ನು ಮೂಲೆಗೆ ತಳ್ಳಿಕೊಂಡು ಬಂದ ಎಂದು ಅಣ್ಣ ವರ್ಷವಿಡೀ ಆಡಿಕೊಳ್ಳುತ್ತಾನೆ ಎಂದು ಗೊಣಗಿದ. ಅಷ್ಟರಲ್ಲಿ ದುಲ್ಮಾ ತಾವೇ ಬಾಗಿಲು ತೆಗೆದರು.

"ಲೋ, ನಮ್ಮ ಗುಡಾರದಲ್ಲಿ ಹಿರಿಯರನ್ನ ಎಲ್ಲಿ ಕೂರಿಸ್ತಾರೆ? ಬಾಗಿಲ ಹತ್ರಾನಾ? ಒಳಗೆ, ಹಿಂದುಗಡೆ ತಾನೇ? ಕಾರಿಗೊಂದು ಬೇರೆ ಶಾಸ್ತ್ರ ಯಾರು ಮಾಡಿದ್ರು ನಿಂಗೆ? ಈ ಮುಂದಿನ ಸೀಟು ಬಾಗಿಲು ಕಾಯೋರ ಜಾಗ ಕಣೋ."

ದುಲ್ಮಾ ಹಿಂದೆ ಹೋಗಿ ಮೊಮ್ಮಗಳ ಪಕ್ಕ ಬೆಲ್ಟು ಹಾಕಿಕೊಂಡು ಕೂತರು. ಉಂದರ್ಮಾ ಮುಂದೆ ಬಂದಳು.

"ಇನ್ಮೇಲೆ ನೀನು ಹೇಳ್ದಂಗೆ ಓಡಿಸ್ಬೇಕು ಅನ್ನು," ಎಂದು ಪುರೆವ್ ಹೆಂಡತಿಯನ್ನು ಕೆಣಕಿದ.

"ನಾನು 'ಖಾಲಿ' ಅಂದ್ರೆ ಮಾತ್ರ ಕಾರು ಹೊರಗೆ ತನ್ನಿ. ಸುಮ್ನಿದ್ರೆ ಬೇಡ ಅಂತಲೇ ತಿಳ್ಕೊಳ್ಳಿ. ಮೊದ್ಲು ಲಾರಿ ಬಿಟ್ಟು ಹಿಂದೆ ಬನ್ನಿ. ಇಷ್ಟು ಅಂಟ್ಕೊಂಡ್ರೆ ನಂಗೂ ಏನೂ ಕಾಣಲ್ಲ."

ಮುಂದೆ ಇನ್ನೊಂದು ಲಾರಿ ಸಿಕ್ಕಿತು. ಪುರೆವ್ ದೂರ ಬಿಟ್ಟ. ದಿಬ್ಬ ಬಂತು, ಉಂದರ್ಮಾ ಸುಮ್ಮನಿದ್ದಳು. ತಿರುವು ಬಂತು, ಆಗಲೂ ಸುಮ್ಮನಿದ್ದಳು. ಪುರೆವ್ ಬೆರಳಿನಿಂದ ಸ್ಟೀರಿಂಗ್ ಕುಟ್ಟುತ್ತಿದ್ದ, ಆದರೆ ಹೊರಗೆ ತೆಗೆಯಲಿಲ್ಲ. ರಸ್ತೆ ನೇರವಾಗಿ ದೂರದವರೆಗೂ ತೆರೆದುಕೊಂಡಾಗ ಅವಳು "ಖಾಲಿ" ಎಂದಳು. ಹಿಂದಿನಿಂದ ಯಾರೂ ನುಗ್ಗುತ್ತಿಲ್ಲವೆಂದು ಅವನೂ ಅವಳೂ ನೋಡಿಕೊಂಡರು. ಅವನು ಇಂಡಿಕೇಟರ್ ಹಾಕಿ, ಎದುರು ರಸ್ತೆ ತನಗೂ ಕಂಡ ಮೇಲೆ ಮುಂದೆ ಹೋದ. ಕಾರಿನೊಳಗಿನ ಕನ್ನಡಿಯಲ್ಲಿ ಲಾರಿಯ ಮುಖ ಪೂರ್ತಿ ಕಾಣಿಸಿದ ಮೇಲೆಯೇ ಬಲಕ್ಕೆ ಬಂದ.

ಅವರು ತಲುಪಿದಾಗ ಕತ್ತಲಾಗಿತ್ತು. ಅಮ್ಮ ಹಿಂದಿನ ಬಾಗಿಲಿನಿಂದ ಇಳಿದದ್ದನ್ನು ನೋಡಿ ಅಣ್ಣ ಏನೋ ಅನ್ನಲು ಬಾಯಿ ತೆರೆದ. ಪುರೆವ್ ಅವನನ್ನು ತಡೆದು, ಬಸ್ಸು ಕಿತ್ತ ಕನ್ನಡಿಯ ಬುಡ ತೋರಿಸಿದ. ಅಣ್ಣ ತಾಯಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಓದುತ್ತಿರುವ ನೀವೂ ನಮ್ಮಂತೆ ರಸ್ತೆಯ ಬಲಗಡೆ ಓಡಿಸುವವರೇ, ನಿಮ್ಮ ಕಾರಿನ ಸ್ಟೀರಿಂಗೂ ಬಲಗಡೆ ಇದೆಯೇ? ಹಾಗಾದರೆ ಹೊರಡುವ ಮೊದಲೇ ಎಡಗಡೆ ಸೀಟಿಗೆ ಚೆನ್ನಾಗಿ ಕಣ್ಣು ಕಾಣುವವರನ್ನು, ರಸ್ತೆ ಬಲ್ಲವರನ್ನು ಕೂರಿಸಿ. ಯಾವ ಮಾತಿಗೆ ಏನರ್ಥ ಎಂದು ಇಬ್ಬರೂ ಗೊತ್ತುಮಾಡಿಕೊಳ್ಳಿ. ಅಲ್ಲಿ ಕೂತವರು ನೀವಾದರೆ ನಿದ್ದೆ ಮಾಡಬೇಡಿ, ಫೋನು ನೋಡಬೇಡಿ, ಅನುಮಾನವಿದ್ದರೆ 'ಖಾಲಿ' ಎನ್ನಬೇಡಿ. ಆ ಸೀಟಿನಲ್ಲಿ ಯಾರೂ ಇಲ್ಲದ ದಿನ ಲಾರಿಯ ಹಿಂದೆಯೇ ಹೋಗಿ. ಹಬ್ಬದ ಊಟ ಆರಿದರೆ ಬಿಸಿ ಮಾಡಿಕೊಂಡರಾಯಿತು. ನೀವು ಬಂದರೆ ಸಾಕು.