ಒಳಗಿನಿಂದ ಹಾಕಿದ ಚಿಲಕ

ನನ್ನ ಅಕ್ಕನಿರುವ ಕನ್ಯಾಮಠದ ಮೊಗಸಾಲೆಗೆ ಏರುವ ಮೆಟ್ಟಿಲುಗಳಲ್ಲಿ ಕೊನೆಯದು ಉಳಿದವಕ್ಕಿಂತ ತುಸು ಎತ್ತರ. ಈ ಸಂಗತಿ ಅಲ್ಲಿನ ಸನ್ಯಾಸಿನಿಯರಿಗೆ ಗೊತ್ತು, ಅವರನ್ನು ನೋಡಲು ಬರುವ ಬಂಧುಗಳಿಗೂ ಗೊತ್ತು; ವರ್ಷಗಳಿಂದ ಹೋಗಿಬರುತ್ತಿರುವ ನನಗೊಬ್ಬನಿಗೆ ಮಾತ್ರ ಅದು ಪ್ರತಿ ಸಲವೂ ಹೊಸ ಸುದ್ದಿ. ಹಾಗೆ ಎಡವಿದ ಒಂದು ಬೆಳಿಗ್ಗೆ, ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಉಳಿಸಿಕೊಳ್ಳುವುದೋ ಮಾನವನ್ನು ಉಳಿಸಿಕೊಳ್ಳುವುದೋ ಎಂದು ತೀರ್ಮಾನವಾಗುವ ಮೊದಲೇ, ನನ್ನ ಬಲಗೈ ಗಾಳಿಯಲ್ಲಿ ತಡಕಾಡಿ ಕಂಬದ ಪಕ್ಕ ಇಳಿಬಿಟ್ಟಿದ್ದ ಹಗ್ಗವೊಂದಕ್ಕೆ ಜೋತುಬಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಪ್ರಾರ್ಥನೆಯ ಗಂಟೆಯಿತ್ತು.

ಗಂಟೆ ಗಂಭೀರವಾಗಿ ಮೊಳಗಿತು. ಒಳಗೆಲ್ಲೋ ಹೊಲಿಗೆಯಂತ್ರ ಅರ್ಧ ಹೊಲಿಗೆಯಲ್ಲಿ ನಿಂತಿತು, ಪೊರಕೆ ಗೋಡೆಗೆ ಒರಗಿತು, ಯಾರದೋ ಮಾತು ಪದದ ನಡುವೆಯೇ ತುಂಡಾಯಿತು. ಒಂದೊಂದು ಬಾಗಿಲಿನಿಂದ ಒಬ್ಬೊಬ್ಬರಾಗಿ ಬೂದುಬಣ್ಣದ ಉಡುಪಿನ ಹೆಂಗಸರು ಹೊರಬಂದು, ಸಾಲಾಗಿ ಪ್ರಾರ್ಥನಾಮಂದಿರದೊಳಗೆ ಹೋದರು. ಅಂಗಳದಲ್ಲಿ ನಿಂತಿದ್ದ ವ್ಯಾನಿನ ಕೆಳಗಿನಿಂದ ಮೊದಲು ಎರಡು ಪಾದ, ಆಮೇಲೆ ಉಳಿದ ಅಕ್ಕ ಹೊರಬಂದಳು, ಕೈ ಒರೆಸಿಕೊಂಡಳು, ಹಗ್ಗ ಹಿಡಿದೇ ನಿಂತಿದ್ದ ನನ್ನನ್ನು ದಾಟಿಕೊಂಡು, ತಿರುಗಿಯೂ ನೋಡದೆ, ಒಳಗೆ ನಡೆದುಬಿಟ್ಟಳು. ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬರತೊಡಗಿದಾಗ ನಾನು ಈ ಲೋಕದಲ್ಲಿ ನನ್ನ ಸ್ಥಾನವೇನೆಂದು ಆಳವಾಗಿ ಚಿಂತಿಸುತ್ತಿದ್ದೆ.

ಎಲ್ಲ ತಿಳಿಯಾದ ಮೇಲೆ ಅಕ್ಕನನ್ನು ಕೇಳಿದೆ: "ಹೊತ್ತಲ್ಲದ ಹೊತ್ತಿನ ಗಂಟೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಹೊಡೆದದ್ದು ನಾನು ಅಂತ?"

"ಅದೂ ಗೊತ್ತಾಯ್ತು. ಎಡವಿದ ಸದ್ದು ಕೇಳಿಸ್ತಲ್ಲ."

"ಮತ್ತೆ ಯಾಕೆ ಎದ್ದು ಹೋದೆ?"

"ಗಂಟೆ ಹೊಡೀತು, ಹೋದೆ. ಹೊಡೆದೋನು ಯೋಗ್ಯನಾ ಅಲ್ವಾ ಅಂತ ನೋಡ್ಕೊಂಡು ಹೋಗೋದಾದ್ರೆ ಒಂದು ದಿನಾನೂ ಹೋಗೋಕಾಗಲ್ಲ ಕಣೋ."

ಅಕ್ಕನ ವಿಧೇಯತೆಯೆಂದರೆ ಇದು. ಹುಟ್ಟಾ ಸ್ವಾತಂತ್ರ್ಯಪ್ರಿಯನೆಂದು ಪತ್ರಿಕೆಗಳಲ್ಲಿ ಬರೆದುಕೊಂಡು ತಿರುಗುವ ನನಗೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಒಬ್ಬ ಅಕ್ಕ ಇರುವುದು ಬಹುಕಾಲ ಒಂದು ಸಣ್ಣ ಅವಮಾನದಂತಿತ್ತು. "ನಮ್ಮನೇಲೂ ಒಬ್ರು ಸ್ವತಂತ್ರರಿದಾರೆ ಅತ್ತಿಗೆ," ಎಂದು ನನ್ನ ಹೆಂಡತಿ ಅವಳೆದುರಿಗೇ ಹೇಳುವುದುಂಟು. "ಕನ್ನಡಕ ಎಲ್ಲಿದೆ, ಯಾವ ಅಂಗಿ ಹಾಕ್ಕೋಬೇಕು, ಹಸಿವಾಗಿದೆಯಾ ಇಲ್ವಾ, ಎಲ್ಲ ನಾನೇ ಹೇಳ್ಬೇಕು."

ಅಕ್ಕನ ಆಕೃತಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎತ್ತರದ ಆಳು, ಸನ್ಯಾಸಿನಿಯ ನಿಲುವಂಗಿಯ ಮೇಲೆ, ಯಾವುದೋ ಗ್ಯಾರೇಜು ಮುಚ್ಚಿದಾಗ ಅದರ ಮಾಲೀಕ ಕೊಟ್ಟುಹೋದ ನೀಲಿ ಕೋಟು. ಆ ಕೋಟಿನ ಒಂದೇ ಜೇಬಿನಲ್ಲಿ ಜಪಮಾಲೆ ಮತ್ತು ಸ್ಪಾರ್ಕ್ ಪ್ಲಗ್ಗು ಸಹಬಾಳ್ವೆ ನಡೆಸುತ್ತಿದ್ದು, ಪ್ರಾರ್ಥನೆಯಲ್ಲಿ ಕೆಲವೊಮ್ಮೆ ಮೊದಲು ಹೊರಬರುತ್ತಿದ್ದುದು ಪ್ಲಗ್ಗೇ. ನಡಿಗೆಯಲ್ಲಿ ಗೇರುಗಳಿದ್ದವು: ಹೊರಡುವಾಗ ನಿಧಾನ, ನಾಲ್ಕು ಹೆಜ್ಜೆಗೆ ಒಂದು ಸಣ್ಣ ತಡೆ, ಆಮೇಲೆ ಯಾರ ಕೈಗೂ ಸಿಗದ ವೇಗ. ಮಾತಿನಲ್ಲಿ ಮಾತ್ರ ಒಂದೇ ಗೇರು. "ಆಯ್ತು" ಎನ್ನುವಳು. ಸಂತೋಷಕ್ಕೂ ಆಯ್ತು, ಸಂಕಟಕ್ಕೂ ಆಯ್ತು, ವಿಷಯಾಂತರಕ್ಕೂ ಆಯ್ತು. ಅವು ಬೇರೆಬೇರೆಯೆಂದು ತಿಳಿಯಲು ಅವಳ ಹುಬ್ಬನ್ನು ನೋಡುತ್ತಿರಬೇಕು.

ಹುಡುಗಿಯಾಗಿ ಮಠ ಸೇರುವಾಗ ಅವಳಿಗಿದ್ದ ಆಸೆ ಪಾಠ ಹೇಳುವುದು. ಮಠದ ಆಗಿನ ಮುಖ್ಯಸ್ಥೆ, ಅಂದರೆ ಮದರ್, ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಹೊಸದಾಗಿ ಬಂದ ವ್ಯಾನಿನ ಪೆಡಲು ಬೇರೆ ಯಾರ ಕಾಲಿಗೂ ಎಟುಕುತ್ತಿಲ್ಲವೆಂದೂ, ದೇವರು ಈ ಕಾಲುಗಳನ್ನು ಸುಮ್ಮನೆ ಕೊಟ್ಟಿರಲಾರನೆಂದೂ ಹೇಳಿದರಂತೆ. ಅಕ್ಕ ಆಯ್ತೆಂದಳು. ಬೇಡದ ಮದುವೆಯಲ್ಲಿ ಪ್ರೀತಿ ಹುಟ್ಟುವುದನ್ನು ಕಂಡಿದ್ದೇನೆ; ಅಕ್ಕನಿಗೂ ಆ ವ್ಯಾನಿಗೂ ಹುಟ್ಟಿದ್ದು ಅಂಥದ್ದು. ಶಾಲೆಯ ಮಕ್ಕಳು, ತರಕಾರಿ ಮೂಟೆಗಳು, ಹೆರಿಗೆ ನೋವಿನ ಹೆಂಗಸರು, ಒಮ್ಮೆ ತಡವಾಗಿದ್ದ ಬಿಷಪ್ಪರು, ಎಲ್ಲರೂ ಅದರಲ್ಲಿ ಪ್ರಯಾಣ ಮಾಡಿ ಕ್ಷೇಮವಾಗಿ ಇಳಿದರು. ಬಿಷಪ್ಪರು ಇಳಿದವರೇ ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿದರೆಂದು ಪ್ರತೀತಿ. ಮಕ್ಕಳು ಅವಳಿಗಿಟ್ಟ ಹೆಸರು ಎಕ್ಸ್‌ಪ್ರೆಸ್ ಸಿಸ್ಟರ್.

ಹೀಗಿರುವಾಗ ಹೊಸ ಮದರ್ ಬಂದರು. ಅವರು ಕೆಟ್ಟವರೆಂದು ಬರೆದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ದುರದೃಷ್ಟವಶಾತ್ ಅವರು ಒಳ್ಳೆಯವರು. ಅಕ್ಕನಿಗಿಂತ ಚಿಕ್ಕವರು, ಚುರುಕು, ಎಲ್ಲವನ್ನೂ ಯೋಚಿಸಿ ಮಾಡುವವರು. ವ್ಯಾನಿಗೆ ಹೊರಗಿನಿಂದ ಒಬ್ಬ ಚಾಲಕನನ್ನು ಇಟ್ಟುಕೊಳ್ಳುವುದೆಂದೂ, ಅಕ್ಕ ಇನ್ನು ಹಾಸಿಗೆ ಹಿಡಿದ ಹಿರಿಯ ಸಿಸ್ಟರುಗಳ ಆರೈಕೆ ನೋಡಿಕೊಳ್ಳುವುದೆಂದೂ ಅವರು ಯೋಚಿಸಿದರು.

ಅಕ್ಕ ಅವರ ಕೋಣೆಗೆ ಹೋಗಿ ಎದುರಿಗೆ ನಿಂತು ಹೇಳಿದಳು: "ಮದರ್, ಇದು ತಪ್ಪು ಅಂತ ನನಗನ್ಸುತ್ತೆ. ಕಣ್ಣು ಚೆನ್ನಾಗಿದೆ, ಕೈ ಗಟ್ಟಿಯಾಗಿದೆ. ಆ ಗಾಡಿ ನನ್ನ ಮಾತು ಕೇಳುತ್ತೆ."

"ಯೋಚನೆ ಮಾಡೇ ಹೇಳ್ತಿದೀನಿ, ಸಿಸ್ಟರ್."

ಅಕ್ಕ ಕೀಲಿಯನ್ನು ಮೇಜಿನ ಮೇಲಿಟ್ಟಳು. "ಆಯ್ತು."

ಇದನ್ನು ಕೇಳಿ ನಾನು ಕೆಂಡವಾದೆ. "ತಪ್ಪು ಅಂತ ಹೇಳ್ದೆ ಅಂತೀಯ. ಹೇಳಿದ ಮೇಲೆ ಕೀ ಯಾಕೆ ಕೊಟ್ಟೆ?"

"ತಪ್ಪು ಅಂತ ಅನ್ಸಿದ್ದನ್ನ ಬಾಯಿಬಿಟ್ಟು ಹೇಳೋದೂ ವಿಧೇಯತೆನೇ. ಹೇಳದೆ ಒಳಗೊಳಗೇ ಗೊಣಗೋದಿದೆಯಲ್ಲ, ಅದು ಅವಿಧೇಯತೆ. ನಂಗಿದು ಬೇಡ ಅಂತ ಯೇಸುಸ್ವಾಮಿನೂ ಮೊದಲು ಹೇಳೇ ಹೇಳಿದ್ರು. ಆಮೇಲೆ ಶಿಲುಬೆಗೆ ಹೋದ್ರು."

ನಾನು ಅಷ್ಟಕ್ಕೆ ಬಿಡುವವನಲ್ಲ. ನನ್ನ ಪರಿಚಯದ ಡಾಕ್ಟರೊಬ್ಬರು ತಮ್ಮ ಆಸ್ಪತ್ರೆಯ ಹೊಸ ಆ್ಯಂಬುಲೆನ್ಸಿಗೆ, ಎಂಥ ಗದ್ದಲದಲ್ಲೂ ಎದೆಗೆಡದ ಚಾಲಕರನ್ನು ಹುಡುಕುತ್ತಿದ್ದರು. ಅಕ್ಕನ ವಿಷಯ ಹೇಳಿದೆ. "ಕರೆದುಕೊಂಡು ಬನ್ನಿ," ಎಂದರು. ಹಗಲುರಾತ್ರಿಯ ಕೆಲಸ; ಮಠದಲ್ಲಿದ್ದು ಆಗದು; ವ್ರತಗಳಿಂದ ಬಿಡುಗಡೆ ಕೇಳಿ ಹೊರಗೆ ಬರಬೇಕು. ನಮ್ಮ ಮನೆಯಲ್ಲಿ ಕೋಣೆಯಿದೆ, ಹೆಂಡತಿಗೆ ಅತ್ತಿಗೆಯೆಂದರೆ ಪ್ರಾಣ. ಏದೆನ್ ತೋಟದ ಹಾವು ಒಂದು ಹಣ್ಣನ್ನು ನಂಬಿಕೊಂಡು ಕೆಲಸ ಸಾಧಿಸಿತ್ತು. ನಾನು ಮಠದ ಮೆಟ್ಟಿಲು ಹತ್ತಿದ್ದು ಇಡೀ ಆ್ಯಂಬುಲೆನ್ಸನ್ನೇ ಹೊತ್ತುಕೊಂಡು.

ಹುಟ್ಟಿದಾಗಿನಿಂದ ಕೇಳಿಸಿಕೊಂಡಿದ್ದ "ಆಯ್ತು" ಅಂದು ಬರಲಿಲ್ಲ. "ಬೇಡ"ವೂ ಬರಲಿಲ್ಲ. ಅಕ್ಕ ಮೊಗಸಾಲೆಯ ನೆಲವನ್ನೇ ನೋಡುತ್ತ ಕುಳಿತಳು.

"ಪ್ರಾರ್ಥನೆಗೆ ಕೂತ್ರೆ ಎಡಗಾಲು ತಾನಾಗೇ ಕ್ಲಚ್ ತುಳಿಯುತ್ತೆ ಕಣೋ," ಎಂದಳು ಕೊನೆಗೆ. "ಮುಂದಿನ ಸಾಲಿನ ಸಿಸ್ಟರ್ ಎರಡು ಸಲ ತಿರುಗಿ ನೋಡಿದ್ರು."

ಮರುದಿನವೇ ಮದರ್ ಬಳಿ ಹೋಗಿ, ಬಿಟ್ಟುಹೋಗುವ ಯೋಚನೆ ಬಂದಿದೆ, ಕೆಲವು ದಿನ ತಮ್ಮನ ಮನೆಯಲ್ಲಿದ್ದು ನೋಡುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮದರ್ ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದರಂತೆ. "ಹೋಗಿ ನೋಡಿ ಬನ್ನಿ," ಎಂದರಂತೆ. "ಬರದೇ ಇರೋದಾದ್ರೂ ಹೇಳಿ ಕಳಿಸಿ. ಅಡುಗೆಯವರಿಗೆ ಗೊತ್ತಾಗ್ಬೇಕು."

ನಮ್ಮ ಮನೆಯಲ್ಲಿ ಸ್ವಾತಂತ್ರ್ಯ ಅವಳಿಗೆ ಮೊದಲು ಎದುರಾದದ್ದು ಅಡುಗೆಮನೆಯ ಬಾಗಿಲಲ್ಲಿ.

"ಬೆಳಿಗ್ಗೆಗೆ ಏನು ಮಾಡ್ಲಿ ಅತ್ತಿಗೆ?"

"ಏನಾದ್ರೂ ಆಯ್ತು ಕಣಮ್ಮ."

"ಏನಾದ್ರೂ ಅನ್ನೋ ತಿಂಡಿ ನಂಗೆ ಬರಲ್ಲ. ನಿಮಗೇನಿಷ್ಟ ಹೇಳಿ."

ಅಕ್ಕ ನನ್ನ ಮುಖ ನೋಡಿದಳು. ಪಾಠ ಓದಿಕೊಂಡು ಬರದ ಮಗುವಿನ ನೋಟವದು. ಆದರೆ ಎರಡೇ ದಿನದಲ್ಲಿ ಕಲಿತುಬಿಟ್ಟಳು. ಉಪ್ಪು ಕಮ್ಮಿಯೆಂದಳು, ಕಿಟಕಿ ತೆಗೆಯೆಂದಳು, ನನ್ನ ಲೇಖನವೊಂದನ್ನು ಅರ್ಧ ಓದಿ ಮಡಿಸಿಟ್ಟು ನಿದ್ದೆ ಬರ್ತಿದೆಯೆಂದಳು. ನನ್ನ ಹಳೆಯ ಕಾರನ್ನು ಒಂದು ಮಧ್ಯಾಹ್ನವಿಡೀ ಬಿಚ್ಚಿ ಜೋಡಿಸಿ, ಊರಾಚೆಯ ಹೆದ್ದಾರಿಯಲ್ಲಿ ಓಡಿಸಿದಾಗ, ಗಾಜು ಇಳಿಸಿ ತಲೆವಸ್ತ್ರ ಪಟಪಟನೆ ಬಡಿಯುತ್ತಿರಲು, ಕೀರ್ತನೆಯೊಂದನ್ನು ಗಟ್ಟಿಯಾಗಿ ಹಾಡಿದಳು. ನನ್ನ ಕಾರಿಗೆ ಆ ವೇಗವಿದೆಯೆಂದು ನನಗೆ ತಿಳಿದಿರಲಿಲ್ಲ; ನನ್ನ ಅಕ್ಕನಿಗೆ ಆ ನಗುವಿದೆಯೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಗೆದ್ದೆನೆಂದುಕೊಂಡೆ.

ಆಸ್ಪತ್ರೆಯಲ್ಲಿ ಆ್ಯಂಬುಲೆನ್ಸು ಇನ್ನೂ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಹೊಸತನದಲ್ಲಿ ನಿಂತಿತ್ತು. ಅಕ್ಕ ಅದನ್ನು ಒಂದು ಸುತ್ತು ಬಂದಳು, ಬಾನೆಟ್ಟಿನ ಮೇಲೆ ಅಂಗೈಯಿಟ್ಟಳು, ಹತ್ತಿ ಕುಳಿತಳು. ಸೀಟನ್ನು ತನ್ನ ಕಾಲಿನ ಉದ್ದಕ್ಕೆ ಸರಿಸಿದಳು. ಆಮೇಲೆ ಕನ್ನಡಿಯನ್ನು ತನ್ನ ಕಣ್ಣಿನ ಎತ್ತರಕ್ಕೆ ತಿರುಗಿಸಿಕೊಂಡಳು. ಚಾಲಕರ ಲೋಕದಲ್ಲಿ ಅದು ಗೃಹಪ್ರವೇಶವಿದ್ದಂತೆ.

"ಎಲ್ಲಿಗೆ ಹೋಗ್ಬೇಕು ಅಂತ ಯಾರು ಹೇಳ್ತಾರೆ, ಡಾಕ್ಟ್ರೇ?" ಎಂದು ಕೇಳಿದಳು.

"ಕಂಟ್ರೋಲ್ ರೂಮಿನವರು."

"ಆಗಲ್ಲ ಅನ್ನಬಹುದಾ?"

"ಅದೆಂಗಾಗುತ್ತೆ ಸಿಸ್ಟರ್!"

"ಹಾಗಾದ್ರೆ ಇಲ್ಲೂ ಒಬ್ರು ಮದರ್ ಇದಾರೆ," ಎಂದಳು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಎದುರಿನ ಖಾಲಿ ಗೋಡೆಯನ್ನು ನೋಡುತ್ತಿದ್ದಳು. ಆಮೇಲೆ ಸೀಟನ್ನು ಮತ್ತೆ ಮುಂದಕ್ಕೆ ತಳ್ಳಿ, ಕನ್ನಡಿಯನ್ನು ಮೊದಲಿದ್ದಂತೆ ತಿರುಗಿಸಿ, ಇಳಿದಳು.

ಮನೆಗೆ ಮರಳುವಾಗ ಕಾರು ಓಡಿಸುತ್ತಿದ್ದವನು ನಾನು; ತಾನು ಓಡಿಸುವುದಿಲ್ಲವೆಂದು ಅವಳು ಹೇಳಿದ್ದಳು.

"ಎಲ್ಲ ಕಡೆ ಯಾರಾದ್ರೂ ಹೇಳೋರು ಇದ್ದೇ ಇರ್ತಾರೆ ಅಂತ ಬಿಟ್ಟೆಯಾ?"

"ಛೆ, ಅದು ತಮಾಷೆಗಂದದ್ದು. ಒಳ್ಳೆ ಕೆಲಸ ಅದು. ಮನಸ್ಸು ಪೂರ್ತಿ ಹೋಗಿತ್ತು."

"ಮತ್ತೆ?"

"ಮನಸ್ಸಿಗೆ ಒಪ್ಪಿದ ಕೆಲಸಾನೇ ಅವರು ಕೊಡ್ತಿದ್ದಾಗ ಅಷ್ಟು ವರ್ಷ ಆಯ್ತು ಆಯ್ತು ಅಂದೆ. ಅದರಲ್ಲೇನು ಹೆಚ್ಚುಗಾರಿಕೆ? ಈಗ ಕೇಳಿದ್ದು ಕೊಡೋಕೆ ಕಷ್ಟವಾದದ್ದು. ಈಗ ಬಿಟ್ಟು ಬಂದ್ರೆ, ಆಗ ಅಂದದ್ದೆಲ್ಲ ಗಾಡಿಗೆ ಅಂದ ಹಾಗಾಯ್ತು. ನಾನು ಮಾತು ಕೊಟ್ಟದ್ದು ಮದರ್‌ಗಲ್ಲ ಕಣೋ," ಎಂದಳು.

"ಅಂದ್ರೆ ನಿಂಗೆ ಸ್ವಾತಂತ್ರ್ಯನೇ ಇಲ್ಲ ಅಂತಾಯ್ತಲ್ಲ ಅಕ್ಕ!"

"ಅದೇನು ನೀನು ತಂದುಕೊಟ್ಟದ್ದು ಅಂದ್ಕೊಂಡ್ಯಾ? ನಮ್ಮ ಗೇಟಿನ ಚಿಲಕ ನೋಡಿದೀಯಾ ಯಾವತ್ತಾದ್ರೂ? ಇರೋದು ಒಳಗಡೆ. ದಿನಾ ಸಂಜೆ ನಾವೇ ಹಾಕ್ಕೋತೀವಿ." ಆಮೇಲೆ ರಸ್ತೆ ನೋಡಿ, "ಗೇರ್ ಬದಲಾಯ್ಸು. ಪಾಪ, ನರಳ್ತಾ ಇದೆ," ಎಂದಳು.

ನಾನು ಗೇರು ಬದಲಾಯಿಸಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಮನೆ ಬರುವವರೆಗೂ ಈ ಕಡೆ ತಿರುಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದಾಳೆಂದು ತಿಳಿಯಲು ಹಾಸ್ಯಲೇಖಕನಾದ ನನಗೂ ಕಷ್ಟವಾಗಲಿಲ್ಲ.

ಮರುದಿನ ಅವಳು ಮಠಕ್ಕೆ ಮರಳಿದಳು. ಹೊಸ ಚಾಲಕನಿಗೆ ಆ ವ್ಯಾನು ಎರಡನೇ ಗೇರಿಗೆ ಬೀಳದೆ ಸತಾಯಿಸುತ್ತಿತ್ತು. ಕೊಂಚ ಹಿಂದಕ್ಕೆ ಎಳೆದು, ಬಿಟ್ಟು, ಮತ್ತೆ ತಳ್ಳಬೇಕಾದ ಅದರ ಗುಟ್ಟು ಅಕ್ಕನೊಬ್ಬಳಿಗೇ ಗೊತ್ತು. ಅದೊಂದನ್ನು ಹೇಳದೆ ಉಳಿಸಿಕೋ, ವಾರದಲ್ಲಿ ಅವರೇ ಕೀಲಿ ತಂದುಕೊಡುತ್ತಾರೆ ಎಂದು ನಾನು ಕಿವಿಯಲ್ಲಿ ಊದಿದೆ. ಹಾವಿಗೆ ಅಷ್ಟು ಬೇಗ ಬುದ್ಧಿ ಬರುವುದಿಲ್ಲ. ಅಕ್ಕ ಒಂದು ಬೆಳಗಿನ ಹೊತ್ತಿಡೀ ಅವನ ಪಕ್ಕದ ಸೀಟಿನಲ್ಲಿ ಕುಳಿತು, ಅವನ ಕೈಯ ಮೇಲೆ ತನ್ನ ಕೈಯಿಟ್ಟು, ಗಾಡಿ ಅವನ ಮಾತು ಕೇಳುವವರೆಗೂ ಕಲಿಸಿ, ಇಳಿದು, ಹಿರಿಯರ ಕೋಣೆಗೆ ನಡೆದಳು. ಅಲ್ಲೀಗ ನಡೆಯಲಾಗದ, ಕಣ್ಣು ಕಾಣದ ಮುದುಕಿ ಸಿಸ್ಟರ್ ಒಬ್ಬರನ್ನು ಗಾಲಿಕುರ್ಚಿಯಲ್ಲಿ ಓಡಾಡಿಸುತ್ತಾಳೆ. ಉದ್ದನೆಯ ಪಡಸಾಲೆಯಲ್ಲಿ ಅವರು ಹೋಗುವ ವೇಗಕ್ಕೆ ಉಳಿದವರು ಗೋಡೆಗೆ ಒತ್ತಿಕೊಳ್ಳುತ್ತಾರೆ. "ಯಾಕೆ ನಿಧಾನ ಮಾಡಿದ್ಯೇ, ಪೆಟ್ರೋಲ್ ಖಾಲಿಯಾಯ್ತಾ?" ಎಂದು ಮುದುಕಿ ಬಯ್ಯುವುದನ್ನು ನಾನೇ ಕೇಳಿದ್ದೇನೆ.

ಇಂಥವರನ್ನು ದುರ್ಬಲರೆಂದು ತಿಳಿಯುವುದು ನನ್ನಂಥವರಿಗೆ ಅನುಕೂಲ. ಇಷ್ಟವಿಲ್ಲದ್ದಕ್ಕೆ ಒಲ್ಲೆನೆಂದು ಬಾಗಿಲು ಬಡಿದು ಹೊರಬರುವುದನ್ನೇ ಧೈರ್ಯವೆಂದು ನಾವು ಬರೆಯುತ್ತೇವೆ. ಅದೂ ಧೈರ್ಯವೇ, ಸಂದೇಹವಿಲ್ಲ. ಆದರೆ ತೆರೆದ ಬಾಗಿಲಿನ ಮುಂದೆ ನಿಂತು, ಹೊರಗಿನ ಬೆಳಕನ್ನು ಆಸೆಯಿಂದ ನೋಡಿ, ಆ ಆಸೆಯನ್ನು ಸುಳ್ಳೆಂದು ಹೀಗಳೆಯದೆ, ಕೊಟ್ಟ ಮಾತಿನ ಕಡೆಗೆ ಹಿಂತಿರುಗಿ ನಡೆಯುವ ಜನ ವಿರಳ. ಅವರ ವಿಧೇಯತೆಯಲ್ಲಿ ನಮ್ಮ ಎಲ್ಲ ಬಂಡಾಯಗಳಿಗಿಂತ ಹೆಚ್ಚಿನ ಸ್ವಾತಂತ್ರ್ಯ ಕರಗಿರುತ್ತದೆ. ಅವರು ತಮ್ಮನ್ನು ಕೊಡಬಲ್ಲರು, ಏಕೆಂದರೆ ಅವರು ತಮ್ಮ ಕೈಯಲ್ಲೇ ಇದ್ದಾರೆ.

ಇದನ್ನೆಲ್ಲ ಹೀಗೆಯೇ ಅಕ್ಕನಿಗೆ ಓದಿ ಹೇಳಿದೆ. ಗಾಲಿಕುರ್ಚಿಯ ಚಕ್ರಕ್ಕೆ ಎಣ್ಣೆ ಬಿಡುತ್ತ ಕೇಳಿಸಿಕೊಂಡಳು. ಹೊಗಳಿಕೆಯ ಭಾಗ ಬಂದಾಗ ಎಣ್ಣೆ ತುಸು ಹೆಚ್ಚು ಬಿತ್ತು. ಓದಿ ಮುಗಿಸಿ, "ಅಕ್ಕ, ನಿಜ ಹೇಳು. ನಾಳೆ ಮದರ್ ಬಂದು, ತಪ್ಪಾಯ್ತು ಸಿಸ್ಟರ್, ವ್ಯಾನ್ ನೀವೇ ಓಡಿಸಿ ಅಂದ್ರೆ ಏನ್ ಮಾಡ್ತೀಯ?" ಎಂದು ಕೇಳಿದೆ.

ಅಕ್ಕ ಕೈ ಒರೆಸಿಕೊಂಡಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಏನ್ ಮಾಡೋದು," ಎಂದಳು, "ಹೇಳಿದ್ದು ಕೇಳ್ಲೇಬೇಕಲ್ಲ."