ಓಗೊಡುವ ದೀಪ

ವೆರೊಲಿನ್ ಆ ಹಡಗಿಗೆ ಇಳಿಯುವುದು ಇದು ಎಷ್ಟನೆಯ ಸಲವೋ, ಲೆಕ್ಕ ಇಟ್ಟವರಿಲ್ಲ. ಮುಂಡಾ ಎಂಬ ಆ ದ್ವೀಪದೂರಿನ ಜನ ಮಾತ್ರ ಸುಮ್ಮನಿರಲಿಲ್ಲ. ಗಂಡನನ್ನು ನುಂಗಿದ ಹಡಗಿನ ಹತ್ತಿರ ಇವಳಿಗೆ ಇನ್ನೂ ಏನು ನೆಂಟಸ್ತಿಕೆ ಅಂತ ಅಡಿಕೆ ಮೆಲ್ಲುತ್ತ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಎಲುಬಿಲ್ಲದ ನಾಲಿಗೆ.

ಯುದ್ಧಕಾಲದಲ್ಲಿ ಮುಳುಗಿದ ಜಪಾನಿ ಹಡಗು ಅದು. ಕಡಲಡಿಯ ಹವಳದ ದಿಬ್ಬದ ಇಳಿಜಾರಿನಲ್ಲಿ ಮಗ್ಗುಲಾಗಿ ಬಿದ್ದಿದೆ, ಒಳಗೆ ಒಂದರ ಹಿಂದೊಂದು ಸರಕಿನ ಕೋಣೆಗಳು. ವೆರೊಲಿನ್ ಮತ್ತು ಅವಳ ಗಂಡ ಹೆಜ್ರನ್ ಅಲ್ಲಿ ಜೊತೆಯಾಗಿ ಫೋಟೋ ತೆಗೆಯುತ್ತಿದ್ದರು. ನೀರು ನುಗ್ಗದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಕ್ಯಾಮೆರಾ ಇವಳ ಕೈಯಲ್ಲಿ, ದೀಪ ಅವನ ಕೈಯಲ್ಲಿ. ಆ ದೀಪದ ಗುಣವೇ ಬೇರೆ. ಅದಕ್ಕೊಂದು ಕಣ್ಣಿದೆ, ಕ್ಯಾಮೆರಾದ ಫ್ಲ್ಯಾಶ್ ಹೊಳೆದದ್ದು ಕಂಡರೆ ತಾನೂ ಆ ಕ್ಷಣಕ್ಕೇ ಹೊಳೆಯುತ್ತದೆ. ಕರೆದರೆ ಓಗೊಡುತ್ತದೆ, ಕರೆಯದೆ ಉಸಿರೆತ್ತುವುದಿಲ್ಲ. ನನ್ನ ಮಗನೂ ಅಂಥವನೇ, ಅದಕ್ಕೇ ನಿನಗೆ ಸರಿಹೋದ ಅಂತ ಅತ್ತೆ ಎಲ್ದಾ ಸೊಸೆಯನ್ನು ರೇಗಿಸುತ್ತಿದ್ದಳು.

ಹೋದ ವರ್ಷ ಒಂದು ದಿನ, ಮೊದಲ ಕೋಣೆಯಲ್ಲಿ ಮುಳ್ಳುರೆಕ್ಕೆಯ ಮೀನೊಂದು ನಿಂತಿತ್ತು. ಅದರ ಬೆನ್ನ ಹಿಂದಿನಿಂದ ಬೆಳಕು ಬೀಳಲಿ ಎಂದು ಹೆಜ್ರನ್ ಆಚೆ ಸರಿದ. ಇವಳು ಕ್ಯಾಮೆರಾದ ಕಿಂಡಿಗೆ ಕಣ್ಣು ಕೊಟ್ಟಳು. ಅಲ್ಲಿ ಕಣ್ಣು ಕೊಟ್ಟವರಿಗೆ ಲೋಕವೆಂದರೆ ಕಿಂಡಿಯಷ್ಟೇ. ಒತ್ತಿದಳು, ಅವನ ದೀಪ ಬೆಳಗಿತು. ಮತ್ತೆ ಒತ್ತಿದಳು, ಬೆಳಗಲಿಲ್ಲ. ತಲೆಯೆತ್ತಿದರೆ ಗಂಡ ಇಲ್ಲ. ಊರಿನ ದೋಣಿಗಳೆಲ್ಲ ಬಂದು ಹುಡುಕಿದವು, ಏನೂ ಸಿಗಲಿಲ್ಲ.

ಎಲ್ದಾ ಹಟ ಹಿಡಿದಳು. ಹೂಳುವುದಕ್ಕೆ ಮಗನದ್ದು ಏನಾದರೂ ಕೈಗೆ ಬರುವ ತನಕ ಅವನು ಸತ್ತಿಲ್ಲ ಅಂದಳು. ಪಾದ್ರಿ ಹೇಳಿದ ಸಮಾಧಾನ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಹೊತ್ತು ಹೊತ್ತಿಗೂ ಅವನ ತಟ್ಟೆಗೆ ಗೆಣಸು ಬಡಿಸಿ, ಕಡಲ ಕಡೆ ಮುಖ ಮಾಡಿ ಕೂರುವಳು. ತಾನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮುದುಕಿ ಕಣ್ಣೆದುರೇ ಒಣಗಿ ಕಡ್ಡಿಯಾದಳು. ಅವಳಿಗೋಸ್ಕರ ಅಂದುಕೊಂಡು ವೆರೊಲಿನ್ ಮತ್ತೆ ಹಡಗಿಗೆ ಇಳಿದಳು. ಹಾಗಂತ ಅಂದುಕೊಂಡಳು, ಅಷ್ಟೆ. ಗಂಡ ಬೇಕಾಗಿದ್ದದ್ದು ಅವಳಿಗೇ.

ಮೊದಲ ಕೋಣೆಯ ಬಾಗಿಲಲ್ಲಿ ನಿಂತು ಗುಂಡಿ ಒತ್ತಿದಳು. ಫ್ಲ್ಯಾಶ್ ಬೆಳಗಿ ಆರಿತು. ಆಮೇಲೆ, ಒಂದು ಉಸಿರಿನಷ್ಟು ತಡವಾಗಿ, ಕೋಣೆಯ ಆಳದಲ್ಲಿ ಬಿಳಿಯ ಬೆಳಕೊಂದು ಬೆಳಗಿ ಆರಿತು.

ದೋಣಿ ನಡೆಸುವ ಮೈದುನ ಪ್ಯಾಟ್ಸನ್ ನಂಬಲಿಲ್ಲ. ಬ್ಯಾಟರಿ ಯಾವತ್ತೋ ಸತ್ತಿರುತ್ತದೆ, ನಿಮ್ಮ ಬೆಳಕೇ ಕಬ್ಬಿಣಕ್ಕೆ ಬಡಿದು ತಿರುಗಿ ಬಂದಿರಬೇಕು ಅಂದ. ತಿರುಗಿ ಬಂದ ಬೆಳಕು ತಡ ಮಾಡುತ್ತದೆಯೇ? ಆ ದೀಪವಾದರೂ ಎಂದಾದರೂ ತಡ ಮಾಡಿದ್ದುಂಟೇ? ಅವಳಿಗಿಂತ ಚೆನ್ನಾಗಿ ಅದನ್ನು ಬಲ್ಲವರಿರಲಿಲ್ಲ. ಆದರೂ ಹೆಜ್ರನ್‌ಗೆ ಆಯಾಸವಾಗಿರಬೇಕು ಅಂದುಕೊಂಡಳು. ಆಸೆ ಅನ್ನುವುದು ಕಸುಬು ಬಲ್ಲವರನ್ನೂ ಹೀಗೆ ಮಂಕು ಮಾಡಿಬಿಡುತ್ತದೆ.

ಅಲ್ಲಿಂದ ಶುರುವಾಯಿತು. ಇವಳು ಬಾಗಿಲಲ್ಲಿದ್ದರೆ ಅದು ಕೋಣೆಯ ಕೊನೆಯಲ್ಲಿ. ಇವಳು ಅಲ್ಲಿಗೆ ಹೋದರೆ ಅದು ಮುಂದಿನ ಕೋಣೆಯಲ್ಲಿ. ದಾರಿ ತೋರಿಸುತ್ತಿದ್ದಾನೆ, ಇನ್ನೇನು ಸಿಕ್ಕೇಬಿಡುತ್ತಾನೆ ಅನ್ನಿಸುತ್ತಿತ್ತು. ಮಕ್ಕಳು ಕಣ್ಣಾಮುಚ್ಚಾಲೆ ಆಡಿದ ಹಾಗೆ ಆಡಿದಳು. ನೀರಿನಡಿ ನಗುತ್ತಲೂ ಇದ್ದಳು. ಮನೆಗೆ ಬಂದರೆ ಯಾರ ಹತ್ತಿರವೂ ಮಾತಿಲ್ಲ, ಕಥೆಯಿಲ್ಲ.

ಪ್ಯಾಟ್ಸನ್‌ಗೆ ಹೆದರಿಕೆಯಾಯಿತು. "ಅತ್ತಿಗೆ, ಇನ್ನು ನಿಮ್ಮನ್ನ ಒಬ್ಬರನ್ನೇ ಬಿಡಲ್ಲ. ಅಣ್ಣ ಹೋದ, ನೀವೂ ಹೋದ್ರೆ ಯಾವ ಮುಖ ಇಟ್ಕೊಂಡು ಅಮ್ಮನ ಮುಂದೆ ನಿಂತ್ಕೊಳ್ಳಲಿ?" ಅಂದ. ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ತಾನೂ ಇಳಿದ. ಕೊನೆಯ ಸರಕಿನ ಕೋಣೆಯ ಬಾಗಿಲಲ್ಲಿ ಅವನು ನಿಂತ, ಇವಳು ಒಳಗೆ ಹೋದಳು.

ಆ ಕೋಣೆಯಾಚೆ ಎಂಜಿನ್ ಕೋಣೆ. ಅದರ ಹೊಸ್ತಿಲ ಮೇಲೆ ಹೆಜ್ರನ್‌ನ ದೀಪ ಕೂತಿತ್ತು. ಬಿದ್ದಿರಲಿಲ್ಲ, ಯಾರೋ ತಂದಿಟ್ಟ ಹಾಗೆ ನೆಟ್ಟಗೆ ಕೂತಿತ್ತು. ಸುತ್ತ ಎಲ್ಲದರ ಮೇಲೂ ದಪ್ಪನೆಯ ಕೆಸರು ಕೂತಿದೆ, ದೀಪದ ಮೇಲೆ ಮಾತ್ರ ಒಂದು ಕಣವೂ ಇಲ್ಲ.

ಕೈಗೆತ್ತಿಕೊಂಡಳು. ಹಿಡಿಗೆ ಗಂಡ ಸುತ್ತಿದ್ದ ಕೆಂಪು ಟೇಪು ಹಾಗೇ ಇತ್ತು. ಗಾಜು ಒಡೆದಿತ್ತು, ಬ್ಯಾಟರಿಯ ಗೂಡಿನೊಳಗೆ ನೀರು ನುಗ್ಗಿ ಹಸಿರು ಕಿಲುಬು ಕಟ್ಟಿತ್ತು. ಸತ್ತು ಎಷ್ಟೋ ಕಾಲವಾದ ದೀಪ. ಹಾಗಾದರೆ ಇಷ್ಟು ದಿನ ಓಗೊಟ್ಟದ್ದು ಯಾವುದು?

ಅವಳು ಗುಂಡಿ ಮುಟ್ಟಿರಲಿಲ್ಲ. ಹೊಸ್ತಿಲಿನಾಚೆ ಬೆಳಕು ತಾನಾಗಿಯೇ ಬೆಳಗಿತು.

ಆರಿತು. ಮತ್ತೆ ಬೆಳಗಿತು. ಆಮೇಲೆ ಕತ್ತಲೆ ಕಾಯುತ್ತ ನಿಂತಿತು. ಈ ಸಲ ಓಗೊಡಬೇಕಾದವಳು ತಾನು ಎಂದು ಅವಳಿಗೆ ಗೊತ್ತಾಯಿತು. ಅಭ್ಯಾಸಬಲದಿಂದ ಬೆರಳು ಗುಂಡಿಯ ಮೇಲೇ ಇತ್ತು, ಒತ್ತು ಒತ್ತು ಅನ್ನುತ್ತಿತ್ತು. ಹೆಜ್ರನ್ ಹುಟ್ಟಿದಾರಭ್ಯ ಯಾರನ್ನೂ ಹೀಗೆ ಕರೆದವನಲ್ಲ. ಬೆರಳನ್ನು ಕಿತ್ತುಕೊಂಡಳು, ದೀಪವನ್ನು ಎದೆಗವಚಿಕೊಂಡು ತಿರುಗಿ ಹಗ್ಗ ಜಗ್ಗಿದಳು.

ಪ್ಯಾಟ್ಸನ್ ಎಳೆಯತೊಡಗಿದ. ಬೆನ್ನ ಹಿಂದೆ ಬೆಳಕು ಬೆಳಗಿತು, ಎದುರಿನ ಕಬ್ಬಿಣದ ಗೋಡೆಯ ಮೇಲೆ ಅವಳ ನೆರಳು ಬಿತ್ತು. ಇನ್ನೊಮ್ಮೆ ಬೆಳಗಿತು. ನೆರಳು ಮೊದಲಿಗಿಂತ ದೊಡ್ಡದಾಗಿತ್ತು. ಮತ್ತೊಮ್ಮೆ ಬೆಳಗಿದಾಗ ಅದು ಗೋಡೆಯನ್ನೇ ತುಂಬಿತ್ತು. ಬೆಳಕು ಹತ್ತಿರ ಬಂದಷ್ಟೂ ನೆರಳು ದೊಡ್ಡದಾಗುತ್ತದೆ, ಬೆಳಕಿನ ಕಸುಬಿನವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹಿಂತಿರುಗಿ ನೋಡಲಿಲ್ಲ.

ದೋಣಿಯ ಮೇಲೆ ಪ್ಯಾಟ್ಸನ್‌ನ ಹಲ್ಲು ಕಟಕಟ ಅನ್ನುತ್ತಿತ್ತು. ತಲೆಯ ಮೇಲೆ ರಣಬಿಸಿಲು.

"ನಾನು ಏನೂ ನೋಡಿಲ್ಲ ಅತ್ತಿಗೆ," ಅಂದ. "ನೀವೂ ನೋಡಿಲ್ಲ."

ಎಲ್ದಾ ದೀಪವನ್ನು ಮಡಿಲಿಗೆ ಹಾಕಿಕೊಂಡು ಕೆಂಪು ಟೇಪನ್ನು ಸವರಿದಳು. ಕೇಳಿದಳು: "ವೆರಿ, ಅಲ್ಲಿ ಅವನಿದ್ನಾ?"

ಎಂಜಿನ್ ಕೋಣೆಯ ಆ ಕತ್ತಲೆ ವೆರೊಲಿನ್‌ಳ ಕಣ್ಣ ಮುಂದೆ ಬಂತು. ಅದನ್ನು ಮುದುಕಿಗೆ ಹೇಗೆ ಹೇಳುವುದು? "ಇದ್ರು ಅತ್ತೆ," ಅಂದಳು. "ನೆಮ್ಮದಿಯಾಗಿ ಮಲಗಿದ್ರು. ಇನ್ನು ಕಾಯಬೇಡಿ."

ಅಂದು ಎಲ್ದಾ ಊಟ ಮಾಡಿದಳು. ಮರುದಿನ ಚರ್ಚಿನ ಹಿಂದೆ ದೀಪವನ್ನು ಹೂತರು, ಊರೆಲ್ಲ ಹಾಡಿತು. ಅಷ್ಟು ಕಾಲ ಒಂದು ಹನಿ ಕಣ್ಣೀರು ಹಾಕದ ವೆರೊಲಿನ್ ಮಣ್ಣಿನ ಮೇಲೆ ಬಿದ್ದು ಹೊರಳಾಡಿ ಅತ್ತಳು. ಈಗಲಾದರೂ ಅತ್ತಳಲ್ಲ, ಎದೆ ಹಗುರಾಗಲಿ ಅಂದರು ಹೆಂಗಸರು. ಅವರಿಗೇನು ಗೊತ್ತು. ಹೆಜ್ರನ್ ಕಾಣೆಯಾದ ಆ ದಿನವೇ ಸತ್ತಿದ್ದ. ಇವಳು ಅಷ್ಟು ಸಲ ಕರೆದಿದ್ದಳು, ಅವನು ಒಮ್ಮೆಯೂ ಓಗೊಟ್ಟಿರಲಿಲ್ಲ.